ಎಳೆಯರಿಗೆ ಇಂಗ್ಲಿಷಿನ ಆರ್ಟಿಕಲ್ಲುಗಳ ಪಾಠ

ಈ ಸಂಜೆ ನಾವು ಮೂರು ಸಣ್ಣ ಶಬ್ದಗಳ ವಿಚಾರವಾಗಿ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಅವು ಇಂಗ್ಲಿಷ್ ಭಾಷೆಯ ‘ಎ’, ‘ಆ್ಯನ್’ ಮತ್ತು ‘ದಿ’ ಎಂಬುವು. ಆ ಭಾಷೆಯ ವೈಯಾಕರಣರು ಇವುಗಳಿಗೆ ಆರ್ಟಿಕಲ್ಲುಗಳೆಂದು ಹೆಸರಿಟ್ಟಿದ್ದಾರೆ. ಇಂಗ್ಲಿಷಿನ ಮಿಕ್ಕ ಎಲ್ಲ ಶಬ್ದಗಳಿಗಿಂತಲೂ ಹೆಚ್ಚಾಗಿ ಬಳಕೆಯಾಗುವ ಶಬ್ದವೇ ‘ದಿ’. ಯಾವ ಪುಸ್ತಕದ ಯಾವ ಪುಟವನ್ನು ತೆರೆದರೂ ಅದು ಹತ್ತಾರು ಕಡೆ ಕಣ್ಣಿಗೆ ಬೀಳುತ್ತದೆ. ಇಷ್ಟು ಬಳಕೆಯ ಶಬ್ದವನ್ನು ಕಲಿಯುವುದು ಸುಲಭವಾಗಿರಬೇಕಷ್ಟೆ? ಆದರೆ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕಚೇರಿಯಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲಿಯೇ ಟಿಪ್ಪಣಿ ಬರೆದ ಹಿರಿಯರೂ ಒಂದು ಕಾಗದವನ್ನು ಮುಗಿಸಿದ ಮೇಲೆ, ಈ ‘ದಿ’ ಇಲ್ಲಿರಬೇಕೆ ಬೇಡವೆ ಎಂದು ಲೇಖನಿಯನ್ನು ಎತ್ತಿ ಹಿಡಿದು ಕುಳಿತಿರುವುದನ್ನು ನಾವು ಕಂಡಿದ್ದೇವೆ. ನಾವೂ ಹಾಗೆ ಕುಳಿತದ್ದುಂಟು. ದೊಡ್ಡವರ ಪಾಡೇ ಹೀಗಿರುವಾಗ ಆರೇಳು ವರ್ಷದ ಮಕ್ಕಳಿಗೆ ಇವನ್ನು ಹೇಗೆ ಕಲಿಸತಕ್ಕದ್ದು? ಕರ್ನಾಟಕದ ಸರ್ಕಾರೀ ಪಾಠಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಪಾಠ ಆರಂಭವಾದ ಮೇಲೆ ಈ ಪ್ರಶ್ನೆ ಉಪಾಧ್ಯಾಯರದು ಮಾತ್ರವಾಗಿ ಉಳಿದಿಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಒಪ್ಪಿಸಿಕೊಳ್ಳುವ ತಂದೆತಾಯಿಗಳದೂ ಆಗಿದೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದುವರಿಯುತ್ತೇವೆ. ಬಹಳ ವರ್ಷಗಳ ಹಿಂದೆ ನಾವು ಒಂದು ಮಿಡಲ್ ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆವು. ಒಂದು ದಿನ ಹುಡುಗರಿಗೆ, ನಿಮ್ಮ ಮನೆಯ ವಿಚಾರವಾಗಿ ಐದು ವಾಕ್ಯ ಬರೆದುಕೊಂಡು ಬನ್ನಿ ಎಂದು ಹೇಳಿದೆವು. ಒಬ್ಬ ಹುಡುಗ ಮೂರೇ ವಾಕ್ಯಗಳನ್ನು ಬರೆದಿದ್ದ. ‘ವೀ ಹ್ಯಾಡ್ ಕೌ. ಕೌ ಡೈಡ್. ಮದರ್ ಡಿಡ್ ನಾಟ್ ಕುಕ್.’ ನಾವು ಕೆಂಪು ಮಸಿಯಿಂದ ‘ಕೌ’ ಎಂಬ ಎರಡು ಕಡೆಯೂ ಸುತ್ತು ಹಾಕಿ, ಮೊದಲನೆಯದರ ಮೇಲೆ ‘ಎ’ ಎಂದೂ ಎರಡನೆಯದರ ಮೇಲೆ ‘ದಿ’ ಎಂದೂ ಬರೆದು, ಎರಡು ವಾಕ್ಯ ಕಡಮೆಯಾದದ್ದಕ್ಕೆ ಒಂದು ಅಂಕವನ್ನು ಕಳೆದು ಪುಸ್ತಕವನ್ನು ಹಿಂದಕ್ಕೆ ಕೊಟ್ಟೆವು. ಹಸು ಸತ್ತಿತೆಂಬುದನ್ನು ನಾವು ಓದಲೇ ಇಲ್ಲ. ಓದಿದ್ದರೆ, “ಯಾವಾಗಪ್ಪಾ? ಏನಾಗಿತ್ತು?” ಎಂದು ಒಂದು ಮಾತು ಕೇಳುತ್ತಿದ್ದೆವು, ಅವನು ತಡೆಯಿಲ್ಲದೆ, “ನಮ್ಮನೇಲಿ ಒಂದು ಹಸು ಇತ್ತು ಸಾರ್, ಆ ಹಸು ಸತ್ಹೋಯ್ತು” ಎಂದು ಹೇಳುತ್ತಿದ್ದ.

ಶ್ರೋತೃಗಳು ಈ ಕನ್ನಡದ ಮಾತನ್ನು ಸ್ವಲ್ಪ ಗಮನಿಸಬೇಕು. ‘ಒಂದು ಹಸು’, ‘ಆ ಹಸು’. ನಾವು ಕೆಂಪು ಮಸಿಯಿಂದ ಯಾವ ಎರಡು ಶಬ್ದಗಳನ್ನು ಬರೆದೆವೋ ಅವೆರಡೂ ಹುಡುಗನಿಗೆ ಗೊತ್ತಿದ್ದವು. ಕೇಳುವವನಿಗೆ ಪರಿಚಯವಿಲ್ಲದ ಹಸುವನ್ನು ‘ಒಂದು’ ಎಂದು ಕರೆತಂದು ನಿಲ್ಲಿಸಬೇಕು. ಪರಿಚಯವಾದ ಮೇಲೆ ‘ಆ’ ಎಂದು ತೋರಿಸಬೇಕು. ಈ ಮರ್ಯಾದೆಯನ್ನು ಅವನು ನಾಲ್ಕನೆಯ ವಯಸ್ಸಿನಲ್ಲಿಯೇ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳುತ್ತ ಕಲಿತಿದ್ದ. ಒಂದೂರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಇಬ್ಬರು ಹೆಂಡಿರು. ಯಾವ ಅಜ್ಜಿಯೂ ‘ಆ ರಾಜನಿದ್ದ’ ಎಂದು ಕಥೆಯನ್ನು ಆರಂಭಿಸುವುದಿಲ್ಲ. ಆರಂಭಿಸಿದರೆ, “ಯಾವ ರಾಜ ಅಜ್ಜೀ?” ಎಂದು ಮಗು ತಡೆಯುತ್ತದೆ. ತಡೆಯಬಲ್ಲ ಮಗುವಿಗೆ ಆರ್ಟಿಕಲ್ಲಿನ ತಿರುಳು ತಿಳಿದಿದೆ ಎಂದೇ ನಮ್ಮ ಅಭಿಪ್ರಾಯ.

ಕನ್ನಡದಲ್ಲಿ ಆರ್ಟಿಕಲ್ಲಿಲ್ಲವೆಂದು ಹೇಳುವುದು ವಾಡಿಕೆ. ಹೆಸರಿಗೆ ಇಲ್ಲ, ನಿಜ. ಸಂಸ್ಕೃತದಲ್ಲಿಯೂ ಇಲ್ಲ, ಲ್ಯಾಟಿನ್ನಿನಲ್ಲಿಯೂ ಇಲ್ಲ, ರಷ್ಯನ್ ಭಾಷೆಯಲ್ಲಿಯೂ ಇಲ್ಲ. ಹಾಗೆಂದು ಕಾಳಿದಾಸನಿಗಾಗಲಿ ವರ್ಜಿಲನಿಗಾಗಲಿ ಟಾಲ್‌ಸ್ಟಾಯ್‌ಗಾಗಲಿ ಯಾವ ರಾಜ, ಯಾವ ಕುದುರೆ ಎಂಬುದನ್ನು ತಿಳಿಸಲು ತೊಡಕಾಗಲಿಲ್ಲ. ಕನ್ನಡವು ಈ ಕೆಲಸವನ್ನು ಬೇರೆ ದಾರಿಗಳಿಂದ ನಡೆಸಿಕೊಳ್ಳುತ್ತದೆ. ‘ಮೇಜಿನ ಮೇಲೆ ಪುಸ್ತಕವಿದೆ’ ಎಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕ ಮೇಜಿನ ಮೇಲಿದೆ’ ಎಂದರೆ ನೀವು ಹುಡುಕುತ್ತಿದ್ದ ಪುಸ್ತಕ. ಒಂದು ಶಬ್ದವೂ ಹೆಚ್ಚಲಿಲ್ಲ, ಕಡಮೆಯಾಗಲಿಲ್ಲ. ಸ್ಥಾನ ಬದಲಾದ ಮಾತ್ರಕ್ಕೆ ಇಂಗ್ಲಿಷಿನ ‘ಎ ಬುಕ್’ ಹೋಗಿ ‘ದಿ ಬುಕ್’ ಬಂದಿತು. ದ್ವಿತೀಯಾ ವಿಭಕ್ತಿಯೂ ಅನೇಕ ವೇಳೆ ಹೀಗೆಯೇ ದುಡಿಯುತ್ತದೆ. ‘ಪುಸ್ತಕ ತಾ’ ಎಂದರೆ ಯಾವುದನ್ನಾದರೂ ತರಬಹುದು. ‘ಪುಸ್ತಕವನ್ನು ತಾ’ ಎಂದರೆ ಇಬ್ಬರಿಗೂ ಗೊತ್ತಿರುವುದನ್ನೇ ತರಬೇಕು. ವ್ಯಾಕರಣ ಓದದ ಮಗುವೂ ಈ ಎರಡು ಅಪ್ಪಣೆಗಳನ್ನು ಬೇರೆಬೇರೆಯಾಗಿಯೇ ನಡೆಸುತ್ತದೆ.

ಇಂಗ್ಲಿಷಿನ ಚರಿತ್ರೆಯೂ ನಮ್ಮ ಈ ಮಾತಿಗೆ ಬೆಂಬಲವಾಗಿದೆ. ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇಂದಿನ ‘ಆ್ಯನ್’ ಎಂಬುದು ‘ಒಂದು’ ಎಂಬ ಸಂಖ್ಯೆಯೇ ಆಗಿತ್ತು. ಇಂದಿನ ‘ಒನ್’ ಮತ್ತು ‘ಆ್ಯನ್’ ಒಂದೇ ತಾಯಿಯ ಮಕ್ಕಳು. ‘ದಿ’ ಎಂಬುದು ‘ಆ’ ಎಂದು ಬೊಟ್ಟುಮಾಡಿ ತೋರಿಸುವ ಶಬ್ದದಿಂದ ಸವೆದು ಬಂದದ್ದು. ಹೀಗೆ ಅಜ್ಜಿಯ ಕಥೆಯ ‘ಒಂದು’ ಮತ್ತು ‘ಆ’ ಎಂಬುವೇ ಅಲ್ಲಿ ದಿನಬಳಕೆಯಲ್ಲಿ ಸವೆದು ಅರ್ಥ ತೆಳುವಾಗಿ ಆರ್ಟಿಕಲ್ಲುಗಳಾಗಿವೆ. ಹೀಗಿರುವಲ್ಲಿ ಕನ್ನಡದ ಮಗುವಿಗೆ ಇವನ್ನು ಅಪೂರ್ವ ವಸ್ತುಗಳಂತೆ ತೋರಿಸಿ ಹೆದರಿಸುವುದೇಕೆ?

‘ಎ’ ಮತ್ತು ‘ಆ್ಯನ್’ ಇವುಗಳ ಭೇದವನ್ನು ಕಲಿಸುವುದಂತೂ ಕನ್ನಡದ ಮಗುವಿಗೆ ಇಂಗ್ಲೆಂಡಿನ ಮಗುವಿಗಿಂತಲೂ ಸುಲಭ. ಎ, ಇ, ಐ, ಓ, ಯು ಎಂಬ ಐದು ಅಕ್ಷರಗಳ ಹಿಂದೆ ‘ಆ್ಯನ್’ ಬರುವುದೆಂದು ಬಾಯಿಪಾಠ ಮಾಡಿಸುವುದು ರೂಢಿ. ಆ ಸೂತ್ರವನ್ನು ನಂಬಿದ ಮಗು ‘ಆ್ಯನ್ ಯೂನಿಯನ್’ ಎಂದೂ ‘ಎ ಅವರ್’ ಎಂದೂ ಬರೆದು ಪೆಟ್ಟು ತಿನ್ನುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಧ್ವನಿಯೇ ಹೊರತು ಬರವಣಿಗೆಯಲ್ಲ. ನಮ್ಮ ಲಿಪಿಯಾದರೋ ಧ್ವನಿಯನ್ನೇ ಅನುಸರಿಸತಕ್ಕದ್ದು. ಆದ್ದರಿಂದ ಮಗುವಿಗೆ ಆ ಶಬ್ದವನ್ನು ಕನ್ನಡದಲ್ಲಿ ಬರೆ ಎಂದರೆ ಸಾಕು. ಗಂಟೆ ಎಂಬರ್ಥದ ‘ಅವರ್’ ಸ್ವರದಿಂದ ಆರಂಭವಾಯಿತು, ‘ಆ್ಯನ್’ ಹಾಕು. ‘ಯೂನಿಯನ್’ ಯಕಾರದಿಂದ ಆರಂಭವಾಯಿತು, ‘ಎ’ ಹಾಕು. ಒಂದು ರೂಪಾಯಿ ನೋಟಿನ ‘ವನ್’ ಎಂಬುದು ವಕಾರ, ಅದಕ್ಕೂ ‘ಎ’. ‘ಬಿ.ಎ.’ ಆದವರಿಗೆ ‘ಎ’, ‘ಎಂ.ಎ.’ ಆದವರಿಗೆ ‘ಆ್ಯನ್’. ಸ್ವರಕ್ಕೆ ಸ್ವರ ಎದುರಾದಾಗ ನಡುವೆ ವ್ಯಂಜನವೊಂದು ನಿಂತು ದಾರಿ ಮಾಡಿಕೊಡುವುದು ನಮಗೇನೂ ಹೊಸದಲ್ಲ. ಮನೆ ಎಂಬುದಕ್ಕೆ ಯಕಾರ ಸೇರಿ ಮನೆಯಿಂದ ಎಂದೂ, ಗುರು ಎಂಬುದಕ್ಕೆ ವಕಾರ ಸೇರಿ ಗುರುವನ್ನು ಎಂದೂ ಆಗುವುದನ್ನು ಮಕ್ಕಳು ಬಲ್ಲರು. ಇಂಗ್ಲಿಷಿನಲ್ಲಿ ನಕಾರವು ಹೊರಗಿನಿಂದ ಬಂದು ಸೇರಿದ್ದಲ್ಲ, ಮೊದಲೇ ಇದ್ದು ವ್ಯಂಜನದ ಹಿಂದೆ ಬಿದ್ದುಹೋದದ್ದು. ಆದರೆ ಮಗುವಿನ ನಾಲಗೆಗೆ ಎರಡರ ಅನುಕೂಲವೂ ಒಂದೇ.

ಒಂದು ಎಚ್ಚರಿಕೆ ಮಾತ್ರ ಬೇಕು. ನಾವು ಕನ್ನಡಿಗರು ಎಲೆಯನ್ನು ‘ಯೆಲೆ’ ಎಂದೂ ಒಲೆಯನ್ನು ‘ವೊಲೆ’ ಎಂದೂ ಉಚ್ಚರಿಸುವವರು. ಅದೇ ನಾಲಗೆಯಿಂದ ‘ಎಗ್’ ಎಂಬುದು ‘ಯೆಗ್’ ಆಗುತ್ತದೆ. ಹಾಗೆ ಉಚ್ಚರಿಸುವ ಮಗು ‘ಎ ಯೆಗ್’ ಎಂದರೆ ಅದರ ಕಿವಿಗೆ ಅದು ಸರಿಯಾಗಿಯೇ ಇದೆ; ಸೂತ್ರಕ್ಕೂ ವಿರೋಧವಿಲ್ಲ. ಆರ್ಟಿಕಲ್ಲನ್ನು ತಿದ್ದುವುದಕ್ಕೆ ಮೊದಲು ಉಚ್ಚಾರಣೆಯನ್ನು ತಿದ್ದಬೇಕು. ಎಷ್ಟೋ ಉಪಾಧ್ಯಾಯರು ಇದನ್ನು ಗಮನಿಸದೆ ಸೂತ್ರವನ್ನೇ ಮತ್ತೆ ಮತ್ತೆ ಹೇಳಿಸಿ ದಣಿಯುತ್ತಾರೆ.

ಈ ನಕಾರದ ಅಲೆದಾಟದ ವಿಚಾರ ಸ್ವಾರಸ್ಯವಾದುದು. ಅಡಿಗೆಯವರು ಸೊಂಟಕ್ಕೆ ಕಟ್ಟಿಕೊಳ್ಳುವ ಬಟ್ಟೆಗೆ ಹಿಂದೆ ‘ನೇಪ್ರನ್’ ಎಂದು ಹೆಸರಿತ್ತು. ‘ಎ ನೇಪ್ರನ್’ ಎಂಬುದನ್ನು ಜನರು ‘ಆ್ಯನ್ ಏಪ್ರನ್’ ಎಂದು ಕೇಳಿಸಿಕೊಂಡರು, ಶಬ್ದದ ತಲೆ ಹಾರಿಹೋಯಿತು. ಅಡ್ಡಹೆಸರು ಎಂಬರ್ಥದ ‘ನಿಕ್‌ನೇಮ್’ ಇದಕ್ಕೆ ವಿರುದ್ಧವಾಗಿ ‘ಆ್ಯನ್’ ಎಂಬುದರ ನಕಾರವನ್ನು ಕದ್ದುಕೊಂಡಿತು. ಸಂಸ್ಕೃತದ ‘ನಾರಂಗ’ವು ಪಾರಸಿ ಅರಬ್ಬಿಗಳ ಮಾರ್ಗವಾಗಿ ಯೂರೋಪಿಗೆ ಹೋಗಿ, ಅಲ್ಲಿನ ಆರ್ಟಿಕಲ್ಲಿನ ಪಕ್ಕದಲ್ಲಿ ನಿಂತು ತನ್ನ ನಕಾರವನ್ನು ಕಳೆದುಕೊಂಡು ‘ಆರೆಂಜ್’ ಆಯಿತೆಂದು ಶಬ್ದಶಾಸ್ತ್ರಜ್ಞರು ಹೇಳುತ್ತಾರೆ. ಸ್ಪೇನಿನವರ ಬಾಯಲ್ಲಿ ಆ ನಕಾರ ಇನ್ನೂ ಉಳಿದಿದೆ. ಬೆಳೆದವರೇ ಎಲ್ಲಿ ಆರ್ಟಿಕಲ್ಲು ಮುಗಿಯಿತು, ಎಲ್ಲಿ ಶಬ್ದ ಆರಂಭವಾಯಿತು ಎಂದು ತಿಳಿಯದೆ ಹೋದ ಮೇಲೆ ಮಕ್ಕಳನ್ನು ಅಷ್ಟಾಗಿ ಗದರಿಸಬೇಕಾಗಿಲ್ಲ.

ಹಾಗಾದರೆ ಕಷ್ಟ ಎಲ್ಲಿದೆ? ಕನ್ನಡವು ಮೌನವಾಗಿರುವ ಕಡೆ ಇಂಗ್ಲಿಷ್ ಮಾತನಾಡುವುದರಲ್ಲಿದೆ. ‘ಅವರು ವೈದ್ಯರು’ ಎಂದು ನಾವು ಹೇಳುತ್ತೇವೆ. ‘ಒಬ್ಬ’ ಎಂಬುದು ಅಲ್ಲಿ ಬೇಕಿಲ್ಲ. ಅಷ್ಟೇ ಅಲ್ಲ, ‘ಅವನೊಬ್ಬ ವೈದ್ಯ’ ಎಂದರೆ ಮಾತಿನಲ್ಲಿ ತಾತ್ಸಾರದ ವಾಸನೆ ಬರುವುದೂ ಉಂಟು. ಇಂಗ್ಲಿಷಿನಲ್ಲಿ ‘ಹಿ ಈಸ್ ಎ ಡಾಕ್ಟರ್’ ಎಂದೇ ಹೇಳಬೇಕು, ಅದರಲ್ಲಿ ತಾತ್ಸಾರವಿಲ್ಲ. ಹಾಗೆಯೇ ಪರಿಚಿತವಾದ ವಸ್ತುವಿಗೆ ಕನ್ನಡವು ‘ಆ’ ಎಂಬುದನ್ನು ಪ್ರತಿಸಾರಿಯೂ ಸೇರಿಸುವುದಿಲ್ಲ. ‘ಬಾಗಿಲು ಹಾಕು’ ಎಂದರೆ ಯಾವ ಬಾಗಿಲೆಂದು ಯಾರೂ ಕೇಳುವುದಿಲ್ಲ. ಈ ಅಭ್ಯಾಸದಿಂದಲೇ ನಮ್ಮ ಮಕ್ಕಳು ‘ಶಟ್ ಡೋರ್’ ಎನ್ನುತ್ತಾರೆ. ಇನ್ನು ‘ಒಂದು ಸುದ್ದಿ’, ‘ಒಂದು ಬುದ್ಧಿಮಾತು’ ಎಂಬುವು ನಮ್ಮಲ್ಲಿ ಸಲ್ಲುತ್ತವೆ. ‘ಎ ನ್ಯೂಸ್’, ‘ಆ್ಯನ್ ಅಡ್ವೈಸ್’ ಎಂಬುವು ಅಲ್ಲಿ ಸಲ್ಲವು. ನೀರು, ಅಕ್ಕಿ, ಹಾಲು ಇವುಗಳಲ್ಲಿ ಮಾತ್ರ ಎರಡು ಭಾಷೆಗಳೂ ಒಮ್ಮತದಿಂದಿವೆ. ಒಂದು ಅಕ್ಕಿ ಎಂದು ನಾವೂ ಅನ್ನುವುದಿಲ್ಲ, ಒಂದು ಹಿಡಿ ಅಕ್ಕಿ ಎನ್ನುತ್ತೇವೆ. ಹೋಟೆಲಿನಲ್ಲಿ ಕುಳಿತವನು ‘ಒಂದು ಕಾಫಿ’ ಎಂದು ಕೂಗುವ ಸ್ವಾತಂತ್ರ್ಯ ಎರಡು ದೇಶಗಳಲ್ಲಿಯೂ ಇದೆ.

ಮೊದಲನೆಯ ಸಾರಿ ‘ಎ’, ಎರಡನೆಯ ಸಾರಿ ‘ದಿ’ ಎಂಬ ಸೂತ್ರವನ್ನು ಮಾತ್ರ ಮಕ್ಕಳಿಗೆ ಹೇಳಿಕೊಡಬಾರದು. ನಿನ್ನೆ ಒಂದು ಮದುವೆಗೆ ಹೋಗಿದ್ದೆವು. ಮದುಮಗಳು ನಗುತ್ತಿದ್ದಳು, ಅಡಿಗೆ ಚೆನ್ನಾಗಿತ್ತು. ಮದುಮಗಳ ಹೆಸರು ಬಂದದ್ದು ಇದೇ ಮೊದಲು; ಆದರೂ ಇಂಗ್ಲಿಷಿನಲ್ಲಿ ‘ದಿ ಬ್ರೈಡ್’ ಎಂದೇ ಆಗಬೇಕು. ಮದುವೆ ಎಂದ ಮೇಲೆ ಮದುಮಗಳಿದ್ದೇ ಇರುತ್ತಾಳೆ, ಕೇಳುವವನು ಅವಳನ್ನು ಆಗಲೇ ಮನಸ್ಸಿನಲ್ಲಿ ಕಂಡಿದ್ದಾನೆ. ಸೂರ್ಯ ಚಂದ್ರರಿಗೆ ‘ದಿ’ ಬರುವುದೂ ಇದೇ ಕಾರಣಕ್ಕೆ. ಆದುದರಿಂದ ಮಗುವನ್ನು ಕೇಳಬೇಕಾದ ಪ್ರಶ್ನೆ ಇದು ಎಷ್ಟನೆಯ ಸಾರಿ ಎಂಬುದಲ್ಲ. ನೀನು ಹೇಳುವುದು ಯಾವುದೆಂದು ಕೇಳುವವನಿಗೆ ಗೊತ್ತೇ ಎಂಬುದು.

ಈ ಪ್ರಶ್ನೆಯೂ ಎಳೆಯರಿಗೆ ಸುಲಭವಲ್ಲವೆಂಬುದು ವಿದ್ವಾಂಸರ ಪರಿಶೋಧನೆಯಿಂದ ತಿಳಿದುಬಂದಿದೆ. ಅಮೆರಿಕದ ರೋಜರ್ ಬ್ರೌನ್ ಎಂಬ ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ತಾಯ್ನುಡಿಯ ಮೂವರು ಮಕ್ಕಳ ಮಾತನ್ನು ಬಹುಕಾಲ ಬರೆದಿಟ್ಟುಕೊಂಡು 1973ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ ಹದಿನಾಲ್ಕು ವ್ಯಾಕರಣಾಂಶಗಳಲ್ಲಿ ಆರ್ಟಿಕಲ್ಲುಗಳು ಎಂಟನೆಯವಾಗಿ ಮಕ್ಕಳಿಗೆ ವಶವಾದುವು. ಬಹುವಚನವೂ ‘ಇನ್’, ‘ಆನ್’ ಎಂಬುವೂ ಅದಕ್ಕೆ ಮೊದಲೇ ಬಂದಿದ್ದವು. 1976ರಲ್ಲಿ ಮೈಕೆಲ್ ಮರಾಟ್ಸಾಸ್ ಎಂಬವರು ಮತ್ತೊಂದು ಸಂಗತಿಯನ್ನು ತೋರಿಸಿದರು. ಮೂರು ನಾಲ್ಕು ವರ್ಷದ ಮಕ್ಕಳು ತಮಗೆ ಗೊತ್ತಿರುವ ವಸ್ತುವು ಎದುರಿನವರಿಗೆ ಗೊತ್ತಿಲ್ಲದಿದ್ದರೂ ಅನೇಕ ವೇಳೆ ‘ದಿ’ ಎಂದೇ ಹೇಳಿಬಿಡುತ್ತಾರೆ. ತನ್ನ ಕಣ್ಣಿಗೆ ಕಂಡದ್ದು ಲೋಕಕ್ಕೆಲ್ಲ ಕಂಡಿದೆ ಎಂಬುದು ಮಗುವಿನ ನಂಬಿಕೆ. ಇಂಗ್ಲೆಂಡು ಅಮೆರಿಕಗಳ ಮಕ್ಕಳೇ ಎಡವುವ ಜಾಗದಲ್ಲಿ ನಮ್ಮ ಮಕ್ಕಳು ಒಂದೇ ವಾರದಲ್ಲಿ ನೆಟ್ಟಗೆ ನಡೆಯಬೇಕೆಂದು ಬಯಸುವುದು ನ್ಯಾಯವಲ್ಲ.

ಇನ್ನು ಕಲಿಸುವ ಬಗೆ. ಎಳೆಯರ ತರಗತಿಯಲ್ಲಿ ಆರ್ಟಿಕಲ್ಲು ಎಂಬ ಹೆಸರನ್ನೇ ಎತ್ತದೆ ಕೆಲಸ ಸಾಗಬಹುದು. ನಮಗೆ ತುಂಬ ಪ್ರಯೋಜನಕ್ಕೆ ಬಂದದ್ದು ಸ್ಲೇಟಿನ ಆಟ. ‘ಡ್ರಾ ಎ ಟ್ರೀ’ ಎಂದರೆ ಮಕ್ಕಳು ಒಂದು ಮರವನ್ನು ಬರೆಯುತ್ತಾರೆ. ‘ಡ್ರಾ ಎ ಕ್ರೋ ಇನ್ ದಿ ಟ್ರೀ’ ಎಂದರೆ ಆ ಮರದಲ್ಲಿಯೇ ಒಂದು ಕಾಗೆ. ಬಳಿಕ ‘ಗಿವ್ ದಿ ಕ್ರೋ ಎ ಮ್ಯಾಂಗೋ’ ಎಂದರೆ ಅದೇ ಕಾಗೆಯ ಕೊಕ್ಕಿಗೆ ಒಂದು ಮಾವಿನಹಣ್ಣು. ಇಷ್ಟಾದ ಮೇಲೆ ಉಪಾಧ್ಯಾಯರು ಮುಖದಲ್ಲಿ ಏನನ್ನೂ ತೋರಿಸದೆ ಮತ್ತೊಮ್ಮೆ ‘ಡ್ರಾ ಎ ಕ್ರೋ’ ಎನ್ನಬೇಕು. ಕೆಲವರು ಸುಮ್ಮನೆ ಕೂರುತ್ತಾರೆ, ಕಾಗೆ ಆಗಲೇ ಇದೆಯಲ್ಲ ಎಂದು. ಕೆಲವರು ಎರಡನೆಯ ಕಾಗೆಯನ್ನು ಬರೆಯುತ್ತಾರೆ. ಆಗ ತರಗತಿಯಲ್ಲಿ ವಾದ ಹುಟ್ಟುತ್ತದೆ. ಸ್ಲೇಟುಗಳನ್ನು ಎತ್ತಿ ಹಿಡಿದು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ‘ಎ’ ಎಂದಾಗಲೆಲ್ಲ ಹೊಸ ಕಾಗೆ ಹಾರಿ ಬರುತ್ತದೆ, ‘ದಿ’ ಎಂದರೆ ಕುಳಿತಿರುವ ಕಾಗೆಯೇ ತಿರುಗಿ ನೋಡುತ್ತದೆ ಎಂದು ಒಬ್ಬಳು ಪುಟ್ಟ ಹುಡುಗಿ ನಮಗೆ ಕನ್ನಡದಲ್ಲಿ ಹೇಳಿದಳು. ನಾವು ಓದಿದ ವ್ಯಾಕರಣ ಪುಸ್ತಕಗಳಲ್ಲಿ ಇದಕ್ಕಿಂತ ಚೆನ್ನಾದ ಲಕ್ಷಣವನ್ನು ಕಂಡಿಲ್ಲ.

ಎರಡನೆಯ ಆಟ ಕಥೆಯದು. ಒಂದು ಮಗುವನ್ನು ಹೊರಗೆ ಕಳುಹಿಸಿ, ಒಳಗಿರುವವರಿಗೆ ಒಂದು ಚಿತ್ರವನ್ನು ತೋರಿಸತಕ್ಕದ್ದು. ಹೊರಗಿದ್ದ ಮಗು ಬಂದ ಮೇಲೆ ಚಿತ್ರವನ್ನು ಮರೆಮಾಡಿ, ಅದರಲ್ಲಿ ಏನಿತ್ತೆಂದು ಮಿಕ್ಕವರು ಹೇಳಬೇಕು. ‘ದಿ ಡಾಗ್’ ಎಂದು ಯಾರಾದರೂ ಆರಂಭಿಸಿದರೆ, ಬಂದ ಮಗು ‘ವಿಚ್ ಡಾಗ್?’ ಎಂದು ಕೇಳುವ ಹಕ್ಕುಳ್ಳದ್ದು. ತಿದ್ದುವವರು ಉಪಾಧ್ಯಾಯರಲ್ಲ, ನಿಜವಾಗಿಯೂ ತಿಳಿಯದೆ ಕೇಳುವ ಒಡನಾಡಿ. ಗೊತ್ತಿಲ್ಲದವನ ಮುಂದೆ ನಿಂತಾಗಲೇ ‘ಎ’ ಎಂಬುದರ ಬೆಲೆ ತಿಳಿಯುವುದು. ಉಪಾಧ್ಯಾಯರಿಗೆ ಕಥೆಯೆಲ್ಲ ಗೊತ್ತಿದೆಯೆಂಬುದು ಮಕ್ಕಳಿಗೆ ತಿಳಿದೇ ಇರುತ್ತದೆ. ಆದುದರಿಂದ ಉಪಾಧ್ಯಾಯರಿಗೆ ಒಪ್ಪಿಸುವ ಪಾಠದಲ್ಲಿ ಈ ಭೇದ ನೆಲೆಗೊಳ್ಳುವುದು ಕಷ್ಟ.

ಮಾತಿನ ನಡುವೆ ಮಗು ಆರ್ಟಿಕಲ್ಲನ್ನು ಬಿಟ್ಟರೆ ತಡೆಯಬಾರದು. ‘ಐ ಸಾ ಡಾಗ್’ ಎಂದು ಮಗು ಹೇಳಿದರೆ, ‘ಓ, ಯು ಸಾ ಎ ಡಾಗ್! ವಾಟ್ ಡಿಡ್ ದಿ ಡಾಗ್ ಡೂ?’ ಎಂದು ಕೇಳಿದರೆ ಸಾಕು. ತಿದ್ದಿದಂತೆಯೂ ಆಯಿತು, ನಾಯಿಯ ಕಥೆ ಮುಂದುವರಿದಂತೆಯೂ ಆಯಿತು. ಮನೆಯಲ್ಲಿ ತಾಯಂದಿರು ಇದನ್ನು ಉಪಾಧ್ಯಾಯರಿಗಿಂತ ಚೆನ್ನಾಗಿ ಮಾಡಬಲ್ಲರು. ಮಗುವಿನ ಮೊದಮೊದಲ ಕನ್ನಡವನ್ನು ಅವರು ತಿದ್ದಿದ್ದೇ ಹೀಗೆ.

ಊರುಗಳ ಹೆಸರಿಗೆ ‘ದಿ’ ಇಲ್ಲ, ಕಾವೇರಿ ಮೊದಲಾದ ನದಿಗಳಿಗೆ ಉಂಟು. ಓದಲು ಹೋಗುವವನಿಗೆ ‘ಸ್ಕೂಲ್’, ಕಟ್ಟಡವನ್ನು ನೋಡಲು ಹೋಗುವವನಿಗೆ ‘ದಿ ಸ್ಕೂಲ್’. ಕಾಯಿಲೆಯವನು ಇಂಗ್ಲೆಂಡಿನಲ್ಲಿ ‘ಇನ್ ಹಾಸ್ಪಿಟಲ್’, ಅಮೆರಿಕದಲ್ಲಿ ‘ಇನ್ ದಿ ಹಾಸ್ಪಿಟಲ್’. ಇವೆಲ್ಲ ಆಚಾರದ ಮಾತುಗಳು, ಇವುಗಳಿಗೆ ಯುಕ್ತಿಯನ್ನು ಹುಡುಕಿ ಫಲವಿಲ್ಲ. ಹತ್ತು ಹನ್ನೆರಡು ವರ್ಷವಾದ ಮೇಲೆ ಓದಿನ ಬಲದಿಂದ ತಾವಾಗಿ ಬರತಕ್ಕವು.

ಆದರೆ ಒಂದು ರೂಢಿಯ ಮೇಲೆ ಮಾತ್ರ ನಮಗೆ ಮುನಿಸಿದೆ. ನಮ್ಮ ಮಕ್ಕಳು ಬರೆಯುವ ಮೊದಲನೆಯ ಇಂಗ್ಲಿಷ್ ಪ್ರಬಂಧ ಬಹುಮಟ್ಟಿಗೆ ಹಸುವನ್ನು ಕುರಿತದ್ದು. ‘ದಿ ಕೌ ಈಸ್ ಎ ಯೂಸ್‌ಫುಲ್ ಆ್ಯನಿಮಲ್.’ ಇಲ್ಲಿಯ ‘ದಿ ಕೌ’ ಯಾವ ಹಸು? ಯಾವುದೂ ಅಲ್ಲ, ಲೋಕದ ಹಸುಗಳ ಜಾತಿಯೆಲ್ಲ ಸೇರಿ ಒಂದು ಹಸು. ‘ದಿ’ ಎಂಬುದರ ಅರ್ಥಗಳಲ್ಲಿ ಮಗುವಿನ ಅನುಭವಕ್ಕೆ ಅತ್ಯಂತ ದೂರವಾದುದು ಇದು. ದೊಡ್ಡವರ ಶಾಸ್ತ್ರಗ್ರಂಥಗಳಿಗೆ ಒಪ್ಪುವಂಥದು. ಮನೆಯ ಹಿತ್ತಿಲಿನಲ್ಲಿ ಹೆಸರಿಟ್ಟು ಕರೆದ ಹಸುವೊಂದು ನಿಂತಿರುವಾಗ ಮಗುವಿನ ಕೈಗೆ ಯಾವುದೂ ಅಲ್ಲದ ಹಸುವನ್ನು ಕೊಟ್ಟು ‘ದಿ’ ಎಂದರೇನೆಂದು ತಿಳಿ ಎನ್ನುತ್ತೇವೆ.

ಹಿಂದೆ ಹೇಳಿದ ಹುಡುಗನ ವಿಚಾರದಲ್ಲಿ ಇನ್ನೊಂದು ಸಂಗತಿಯಿದೆ. ಅವನು ತಾಯಿಯ ವಿಚಾರವಾಗಿ ಬರೆದ ‘ಮದರ್ ಡಿಡ್ ನಾಟ್ ಕುಕ್’ ಎಂಬ ವಾಕ್ಯ ನಿರ್ದುಷ್ಟವಾಗಿತ್ತು. ಮನೆಯ ತಾಯಿಯನ್ನು ಹೇಳುವಾಗ ಇಂಗ್ಲಿಷಿನವರೂ ಆರ್ಟಿಕಲ್ಲನ್ನು ಹಾಕುವುದಿಲ್ಲ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಆ ವಾಕ್ಯದ ಪಕ್ಕದಲ್ಲಿ ಏನನ್ನೂ ಬರೆಯಲಿಲ್ಲ. ಮುಂದಿನ ವಾರ, ಪದ್ಧತಿಯಂತೆ, ತರಗತಿಗೆಲ್ಲ ಹಸುವಿನ ಮೇಲೆ ಪ್ರಬಂಧ ಬರೆಯಲು ಹೇಳಿದೆವು. ಅವನೂ ಬರೆದು ತಂದ. ಹತ್ತು ವಾಕ್ಯಗಳಿದ್ದವು. ಹಸುವಿಗೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ಹಾಲು ಕೊಡುತ್ತದೆ, ಹುಲ್ಲು ತಿನ್ನುತ್ತದೆ. ಯಾವುದೋ ಗೈಡಿನಿಂದ ನಕಲು ಮಾಡಿದ್ದೆಂಬುದು ಸ್ಪಷ್ಟವಾಗಿತ್ತು. ಆರ್ಟಿಕಲ್ಲುಗಳು ಒಂದೂ ತಪ್ಪಿರಲಿಲ್ಲ. ನಾವು ಪೂರ್ಣಾಂಕವನ್ನು ಕೊಟ್ಟು ಕೆಳಗೆ ‘ಗುಡ್’ ಎಂದು ಬರೆದು ಸಹಿ ಹಾಕಿದೆವು.